ಜಗಲಿಯವರೆಗೆ ಬಂದವರು

ಮನುಷ್ಯನು ಸಂಘಜೀವಿ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದಲೇ ಓದುತ್ತ ಬಂದಿದ್ದೇವೆ. ಸಂಘದ ನಡುವೆಯೇ ಇದ್ದುಕೊಂಡು ಸಂಘಕ್ಕೆ ಸೇರದೆ ಉಳಿಯುವ ಜನರೂ ಉಂಟೆಂಬುದನ್ನು ಮಾತ್ರ ಆ ಪಾಠವು ಹೇಳುವುದಿಲ್ಲ. ಒಂಟಿತನದಲ್ಲಿ ಎರಡು ಬಗೆ. ಯಾರ ಕಣ್ಣಿಗೂ ಬೀಳದವನ ಒಂಟಿತನ ಒಂದು. ಎಲ್ಲರ ಕಣ್ಣಿಗೂ ಬಿದ್ದು, ಯಾರ ಬಳಿಗೂ ಸೇರಲಾರದವನ ಒಂಟಿತನ ಇನ್ನೊಂದು. ಮೊದಲನೆಯದನ್ನು ಲೋಕವು ಬೇಗ ಅರ್ಥಮಾಡಿಕೊಳ್ಳುತ್ತದೆ, ಕನಿಕರವನ್ನೂ ತೋರಿಸುತ್ತದೆ. ಎರಡನೆಯದು ಹಾಗಲ್ಲ. "ನಿನ್ನನ್ನು ಎಲ್ಲರೂ ಗುರುತಿಸುತ್ತಾರಲ್ಲ, ನಿನಗೇನು ಕೊರತೆ?" ಎಂದು ಕೇಳಿದರೆ ಅದನ್ನು ಅನುಭವಿಸುವವನು ಉತ್ತರ ಹೇಳಲು ತಡವರಿಸುತ್ತಾನೆ.

ನಮ್ಮ ಹಳೆಯ ಮನೆಗಳ ರಚನೆಯನ್ನು ನೆನಪಿಗೆ ತಂದುಕೊಂಡರೆ ಈ ಎರಡನೆಯ ಸ್ಥಿತಿ ಸುಲಭವಾಗಿ ತಿಳಿಯುತ್ತದೆ. ಬೀದಿಗೂ ಮನೆಯೊಳಕ್ಕೂ ನಡುವೆ ಜಗಲಿ ಎಂಬುದೊಂದು ಇರುತ್ತಿತ್ತು. ಬಂದವನನ್ನು ಅಲ್ಲಿ ಕೂರಿಸುವರು, ಕುಡಿಯಲು ನೀರು ಕೊಡುವರು, ಕ್ಷೇಮಸಮಾಚಾರ ವಿಚಾರಿಸುವರು. ಅದರಲ್ಲಿ ಅಗೌರವವೇನೂ ಕಾಣದು. ಆದರೆ ಕೆಲವರು ಆ ಜಗಲಿಯ ಮೇಲೆ ಒಂದು ಗಳಿಗೆ ಕೂತು ಒಳಗೆ ಹೋಗುವರು. ಇನ್ನು ಕೆಲವರು ಜೀವಮಾನವೆಲ್ಲ ಜಗಲಿಯಲ್ಲಿಯೇ ಉಳಿಯುವರು. ಹೀಗೆ ಜಗಲಿಯವರೆಗೆ ಬಂದು, ಹೊಸ್ತಿಲನ್ನು ದಾಟದೆ ಉಳಿದವರ ಸ್ಥಿತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ವಿಷಯವು ನನ್ನ ಮನಸ್ಸನ್ನು ಹೊಕ್ಕದ್ದು ಒಂದು ಸಣ್ಣ ಪ್ರಸಂಗದಿಂದ. ಹಲವು ವರ್ಷಗಳ ಹಿಂದೆ ವಿಭಾಗಮಟ್ಟದ ಶಾಲಾ ಕ್ರೀಡಾಕೂಟವೊಂದಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆನು. ದೂರದ ಓಟದಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನಾಂಗದ ಬಾಲಕನೊಬ್ಬನು ಎಲ್ಲರಿಗಿಂತ ಬಹಳ ಮುಂದಾಗಿ ಗುರಿಯನ್ನು ಮುಟ್ಟಿದನು. ಜನರು ಚಪ್ಪಾಳೆ ತಟ್ಟಿದರು. ಅವನೊಡನೆ ನಿಂತು ಭಾವಚಿತ್ರ ತೆಗೆಸಿಕೊಂಡರು. ಊಟದ ಹೊತ್ತಿಗೆ ನೋಡಿದರೆ ಹುಡುಗನು ಮರದಡಿಯಲ್ಲಿ ಒಬ್ಬನೇ ಕೂತಿದ್ದನು. ಅವನ ತಟ್ಟೆಯ ಸುತ್ತ ನಾಲ್ಕು ಮಾರು ಜಾಗ ಬರಿದಾಗಿತ್ತು. ನಾನು ಹತ್ತಿರ ಹೋಗಿ, ಸ್ನೇಹದಿಂದ ಎಂದೇ ಭಾವಿಸಿ, "ನೀವು ಎಲ್ಲಿಂದ ಬಂದವರಪ್ಪ?" ಎಂದು ಕೇಳಿದೆನು. ಅವನು ತಲೆಯೆತ್ತಿ, "ಯಲ್ಲಾಪುರದಿಂದ ಬಸ್ಸಿನಲ್ಲಿ ಬಂದೆವು ಸಾರ್" ಎಂದನು. ನನ್ನ ಪ್ರಶ್ನೆ ಅದಲ್ಲವೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅಲ್ಲಿಗೇ ಮಾತು ನಿಲ್ಲಿಸಿ ನನ್ನ ಮಕ್ಕಳಿದ್ದ ಕಡೆಗೆ ಮರಳಿದೆನು. ಅವನ ಹೆಸರನ್ನು ಕೇಳಲಿಲ್ಲ ಎಂಬುದು ನನಗೆ ಹೊಳೆದದ್ದು ಊರಿಗೆ ಹಿಂತಿರುಗುವ ದಾರಿಯಲ್ಲಿ.

ಆ ಹುಡುಗನಿಗೆ ಅಂದು ಏನು ಕೊರತೆಯಾಯಿತು? ಯಾರೂ ಅವನನ್ನು ಬೈಯಲಿಲ್ಲ, ಹೊರಗೆ ದೂಡಲಿಲ್ಲ, ಪದಕವನ್ನೂ ಕೊಟ್ಟರು. ಆದರೂ ಅವನು ಒಬ್ಬನೇ ಉಂಡನು. ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ವಿಚಾರ ಮಾಡಿದವರಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್ ಪ್ರಮುಖನು. 1858ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ಈತನು 1908ರಲ್ಲಿ ಪ್ರಕಟಿಸಿದ ತನ್ನ ಬೃಹತ್ ಗ್ರಂಥದಲ್ಲಿ 'ಅಪರಿಚಿತ'ನನ್ನು ಕುರಿತು ಕೆಲವೇ ಪುಟಗಳ ಒಂದು ಪ್ರಕರಣವನ್ನು ಸೇರಿಸಿದನು. ಆ ಗ್ರಂಥದ ಇತರ ಭಾಗಗಳಿಗಿಂತ ಈ ಕೆಲವು ಪುಟಗಳೇ ಇಂದು ಹೆಚ್ಚು ಓದಲ್ಪಡುತ್ತವೆ.

ಸಿಮೆಲನ ವಿಚಾರದ ಸಾರಾಂಶವಿಷ್ಟು. ದಾರಿಹೋಕನು ನಿಜವಾದ ಅಪರಿಚಿತನಲ್ಲ. ಅವನು ಇಂದು ಬಂದು ನಾಳೆ ಹೊರಟುಹೋಗುವವನು. ನಮಗೆ ಯಾವ ಸಂಬಂಧವೂ ಇಲ್ಲದ ದೂರದ ನಕ್ಷತ್ರಲೋಕದ ಜೀವಿಯೂ ಅಪರಿಚಿತನಲ್ಲ. ಅವನು ನಮ್ಮ ಲೆಕ್ಕಕ್ಕೇ ಬಾರದವನು. ಬಂದು ನೆಲೆನಿಂತು, ನಮ್ಮ ನಡುವೆಯೇ ಬದುಕಿ, ನಮ್ಮ ಕೆಲಸಕ್ಕೆ ಬೇಕಾದವನಾಗಿಯೂ ಮೊದಲಿನಿಂದ ನಮ್ಮವನಲ್ಲ ಎಂದು ಎಣಿಸಲ್ಪಡುವವನೇ ಅಪರಿಚಿತನು. ಅವನಲ್ಲಿ ಸಾಮೀಪ್ಯವೂ ದೂರವೂ ಏಕಕಾಲದಲ್ಲಿ ನೆಲೆಸಿರುತ್ತವೆ. ಅವನು ಸಮಾಜದ ಹೊರಗೆ ಇರುವುದಿಲ್ಲ, ಸಮಾಜದ ಒಂದು ಅಂಗವೇ ಆಗಿರುತ್ತಾನೆ. ಆದರೆ ಹೊರಗಿನವನೆಂಬ ಸ್ಥಾನದಲ್ಲಿರುವ ಅಂಗ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಂಶವನ್ನು ಅವನು ಎತ್ತಿ ತೋರಿಸಿದ್ದಾನೆ. ಅಪರಿಚಿತನನ್ನು ಜನರು ಒಬ್ಬ ವ್ಯಕ್ತಿಯಾಗಿ ಕಾಣುವುದಿಲ್ಲ, ಒಂದು ಜಾತಿಯ ಮಾದರಿಯಾಗಿ ಕಾಣುತ್ತಾರೆ. ಮಧ್ಯಯುಗದಲ್ಲಿ ಯಹೂದ್ಯರ ಮೇಲೆ ವಿಧಿಸುತ್ತಿದ್ದ ತೆರಿಗೆಯನ್ನು ಅವನು ಉದಾಹರಣೆಯಾಗಿ ಕೊಡುತ್ತಾನೆ. ಕ್ರೈಸ್ತ ನಾಗರಿಕನ ತೆರಿಗೆ ಅವನ ಆಸ್ತಿಯ ಏರಿಳಿತವನ್ನು ಅನುಸರಿಸಿ ಬದಲಾಗುತ್ತಿತ್ತು. ಯಹೂದ್ಯನ ತೆರಿಗೆಯಾದರೋ ಒಮ್ಮೆ ನಿಗದಿಯಾದ ಮೇಲೆ ಹಾಗೆಯೇ ಉಳಿಯುತ್ತಿತ್ತು. ಕ್ರೈಸ್ತನು ತನ್ನದೇ ಸ್ಥಿತಿಗತಿಯುಳ್ಳ ಒಬ್ಬ ಮನುಷ್ಯನಾಗಿ ಆಡಳಿತದ ಮುಂದೆ ನಿಲ್ಲುತ್ತಿದ್ದನು. ಯಹೂದ್ಯನು ಕೇವಲ ಯಹೂದ್ಯನಾಗಿ ನಿಲ್ಲುತ್ತಿದ್ದನು.

ಈ ಮಾತನ್ನು ಬರೆದವನ ಜೀವನವೇ ಅದಕ್ಕೆ ನಿದರ್ಶನವಾಗಿತ್ತೆಂದರೆ ತಪ್ಪಾಗದು. ಯಹೂದ್ಯ ಮೂಲದವನಾದ ಸಿಮೆಲನು 1885ರಿಂದ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಗಳನ್ನು ಕೊಡುತ್ತಿದ್ದನು. ಅವನ ಮಾತನ್ನು ಕೇಳಲು ವಿದ್ಯಾರ್ಥಿಗಳು ಮಾತ್ರವಲ್ಲದೆ ನಗರದ ಸುಸಂಸ್ಕೃತ ಜನರೂ ಕಿಕ್ಕಿರಿದು ಸೇರುತ್ತಿದ್ದರು. ಆದರೂ ಪೂರ್ಣ ಪ್ರಾಧ್ಯಾಪಕ ಪದವಿ ಅವನಿಗೆ ದೊರೆತದ್ದು 1914ರಲ್ಲಿ, ಅದೂ ಬರ್ಲಿನ್ನಿನಲ್ಲಿ ಅಲ್ಲ, ಸ್ಟ್ರಾಸ್‌ಬರ್ಗ್ ಎಂಬ ಗಡಿನಗರದಲ್ಲಿ. ನಾಲ್ಕು ವರ್ಷಗಳ ತರುವಾಯ ಅವನು ತೀರಿಕೊಂಡನು. ಸುಮಾರು ಮೂವತ್ತು ವರ್ಷ ಅವನು ವಿದ್ಯಾಲಯದ ಜಗಲಿಯ ಮೇಲೆ ಕೂತಿದ್ದನೆಂದು ನಮ್ಮ ಮಾತಿನಲ್ಲಿ ಹೇಳಬಹುದು. ಕೇಳುವವರಿಗೇನೂ ಕೊರತೆ ಇರಲಿಲ್ಲ. ಒಳಗೆ ಕರೆಯುವವರು ಇರಲಿಲ್ಲ.

ಬರ್ಲಿನ್ನಿನ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕಾಗಿಯೇ ಮೇಲೆ ಹೇಳಿದ ಬಾಲಕನ ಜನಾಂಗದ ಕಡೆಗೆ ಈಗ ಮರಳೋಣ. ಸಿಮೆಲನ ಲಕ್ಷಣಕ್ಕೆ ನಮ್ಮ ನಾಡಿನಲ್ಲಿ ಸಿದ್ದಿಗಳಿಗಿಂತ ಸ್ಪಷ್ಟವಾದ ಲಕ್ಷ್ಯ ದೊರೆಯುವುದು ಕಷ್ಟ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ ತಾಲೂಕುಗಳ ಕಾಡಿನಂಚಿನ ಹಳ್ಳಿಗಳಲ್ಲಿಯೂ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಕೆಲವೆಡೆಗಳಲ್ಲಿಯೂ ಇವರು ವಾಸಿಸುತ್ತಾರೆ. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಇವೇ ಇವರ ಮನೆಮಾತುಗಳು. ಆಫ್ರಿಕದ ಯಾವ ಭಾಷೆಯೂ ಇಂದು ಇವರಲ್ಲಿ ಆಡುಮಾತಾಗಿ ಉಳಿದಿಲ್ಲ.

ಇವರ ಪೂರ್ವಜರು ಆಫ್ರಿಕ ಖಂಡದವರು. ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಕುದುರೆ, ದಂತ, ಮಸಾಲೆಗಳಂತೆ ಮನುಷ್ಯರೂ ಸರಕಾಗಿದ್ದ ಕಾಲವೊಂದಿತ್ತು. ದಖ್ಖನದ ಸುಲ್ತಾನರ ಸೈನ್ಯಗಳಿಗೆ ಆಫ್ರಿಕದ ಗುಲಾಮ ಸೈನಿಕರನ್ನು ತರಿಸಿಕೊಳ್ಳುತ್ತಿದ್ದರು; ಅವರನ್ನು ಹಬಶಿಗಳೆಂದು ಕರೆಯುತ್ತಿದ್ದರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಪೂರ್ವ ಆಫ್ರಿಕದ ತೀರಗಳಿಂದ ಗುಲಾಮರನ್ನು ತಂದು ಮನೆಗೆಲಸಕ್ಕೂ ದುಡಿಮೆಗೂ ಹಚ್ಚಿದರು. ಹಿಂಸೆಯನ್ನು ತಾಳಲಾರದೆ ಗೋವೆಯಿಂದ ತಪ್ಪಿಸಿಕೊಂಡವರೂ, ಮುಂದೆ ಬಿಡುಗಡೆ ಹೊಂದಿದವರೂ ಸಹ್ಯಾದ್ರಿಯ ದಟ್ಟ ಕಾಡುಗಳನ್ನು ಸೇರಿದರು. ಕರ್ನಾಟಕದ ಸಿದ್ದಿಗಳಲ್ಲಿ ಬಹುಪಾಲು ಅವರ ಸಂತತಿಯವರೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 2011ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಇವರಲ್ಲಿ ಆಫ್ರಿಕದ ಬಂಟು ಜನಗಳ ಅಂಶದೊಡನೆ ಭಾರತೀಯ ಅಂಶವೂ ಸೇರಿದೆಯೆಂದೂ, ಆ ಮಿಶ್ರಣವು ಸುಮಾರು ಇನ್ನೂರು ವರ್ಷಗಳಷ್ಟು, ಅಂದರೆ ಎಂಟು ತಲೆಮಾರುಗಳಷ್ಟು ಹಳೆಯದೆಂದೂ ತೋರಿಸಿತು. ಎಂಟು ತಲೆಮಾರುಗಳ ಹಿಂದೆ ತಮ್ಮ ಹಿರಿಯರು ಯಾವ ಊರಿನಲ್ಲಿದ್ದರೆಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಈ ಜನಾಂಗದವರ ಸಾಮರ್ಥ್ಯಕ್ಕೆ ಇತಿಹಾಸದಲ್ಲಿ ಸಾಕ್ಷ್ಯವಿಲ್ಲದೆ ಇಲ್ಲ. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಲ್ಪಟ್ಟು ದಖ್ಖನಕ್ಕೆ ಬಂದ ಮಲಿಕ್ ಅಂಬರನು ಅಹಮದನಗರ ರಾಜ್ಯದ ಸೂತ್ರಧಾರನಾಗಿ, 1626ರಲ್ಲಿ ಮರಣ ಹೊಂದುವವರೆಗೆ ಮೊಗಲರನ್ನು ತಡೆದು ನಿಲ್ಲಿಸಿದನು. ಮುಂದೆ ಔರಂಗಾಬಾದೆಂದು ಹೆಸರಾದ ಖಿಡ್ಕಿ ಪಟ್ಟಣವನ್ನು ಕಟ್ಟಿಸಿದವನು ಅವನೇ. ನಮ್ಮ ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನನೆಂಬ ಹಬಶಿಯು ಉನ್ನತ ಅಧಿಕಾರದಲ್ಲಿದ್ದನು. ಅಹಮದಾಬಾದಿನಲ್ಲಿ 1572-73ರಲ್ಲಿ ಕಟ್ಟಿದ, ಕಲ್ಲಿನ ಜಾಲಂಧ್ರಗಳಿಗೆ ಹೆಸರಾದ ಮಸೀದಿಯು ಸಿದ್ದಿ ಸಯ್ಯದನದು. 'ಸಿದ್ದಿ' ಎಂಬ ಮಾತೇ ಅರಬ್ಬಿಯಲ್ಲಿ 'ಒಡೆಯ' ಎಂಬ ಅರ್ಥವುಳ್ಳ ಪದದಿಂದ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಡೆತನದ ಹೆಸರನ್ನು ಹೊತ್ತವರು ಕಾಡಿನ ನಡುವೆ ತೋಟದ ಕೂಲಿಯಾಳುಗಳಾಗಿ, ಜೀತದವರಾಗಿ ತಲೆಮಾರುಗಳನ್ನು ಕಳೆದದ್ದು ವಿಧಿಯ ವೈಚಿತ್ರ್ಯವೆನ್ನಬೇಕು.

ತೋಟದ ಬದುಕಿನಲ್ಲಿ ಅವರ ಸ್ಥಾನವು ಸಿಮೆಲನು ಹೇಳಿದ ಸಾಮೀಪ್ಯ-ದೂರಗಳ ಬೆರಕೆಯೇ ಆಗಿತ್ತು. ಅಡಕೆಯ ತೋಟ ಅವರ ದುಡಿಮೆಯಿಲ್ಲದೆ ನಡೆಯದು. ಒಡೆಯರು ತೋಟವನ್ನೂ ದನಕರುಗಳನ್ನೂ ಅವರ ನಂಬಿಕೆಯ ಮೇಲೆ ಬಿಟ್ಟು ಊರಿಗೆ ಹೋಗಿಬರುತ್ತಿದ್ದರು. ಆದರೆ ಊಟದ ಎಲೆ ಹೊರಗಿನ ಅಂಗಳದಲ್ಲಿ. ವಿಶ್ವಾಸ ಒಳಗಿನದು, ಎಲೆ ಹೊರಗಿನದು. ಇದನ್ನು ಹೀಗೇ ನಡೆಯಬೇಕಾದ ವ್ಯವಹಾರವೆಂದು ಎರಡೂ ಕಡೆಯವರು ಭಾವಿಸಿದ್ದರಿಂದ, ಅದರಲ್ಲಿ ನೋವು ಇದೆಯೆಂಬುದೇ ಬಹುಕಾಲ ಮಾತಿಗೆ ಬರಲಿಲ್ಲ.

ಕಾಲ ಬದಲಾಯಿತು, ದೂರದ ರೂಪವೂ ಬದಲಾಯಿತು. ಹಿಂದೆ ಮುಟ್ಟದೆ ದೂರವಿಡುತ್ತಿದ್ದವರು ಈಗ ನೋಡಿ ದೂರವಿಡುತ್ತಾರೆ. ಇದರ ಬಗೆಗಳನ್ನು ಸ್ವಲ್ಪ ವಿಂಗಡಿಸಿ ನೋಡುವುದು ಉಪಯುಕ್ತ.

ಮೊದಲನೆಯದು ಪ್ರಶ್ನೆ. ಬಸ್ಸಿನಲ್ಲಿ, ಸಂತೆಯಲ್ಲಿ, ನಗರದ ವಿದ್ಯಾರ್ಥಿನಿಲಯದಲ್ಲಿ ಸಿದ್ದಿ ಯುವಕನನ್ನು "ಯಾವ ದೇಶದವನು?" ಎಂದು ಕೇಳುತ್ತಾರೆ, ಕೆಲವರು ಇಂಗ್ಲಿಷಿನಲ್ಲಿಯೇ ಕೇಳುತ್ತಾರೆ. ಅವನು ಕನ್ನಡದಲ್ಲಿ ಉತ್ತರಿಸಿದರೆ "ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀಯಲ್ಲ!" ಎಂದು ಹೊಗಳುತ್ತಾರೆ. ತಾಯಿಯ ಮಡಿಲಿನಲ್ಲಿ ಕಲಿತ ಮಾತಿಗೆ ಹೊಗಳಿಕೆ ದೊರೆಯುವುದು ಪರಕೀಯನಿಗೆ ಮಾತ್ರ. ಕೇಳಿದವನ ಮನಸ್ಸಿನಲ್ಲಿ ಕೇಡೇನೂ ಇಲ್ಲ; ಅವನು ಒಮ್ಮೆ ಕೇಳಿ ಮರೆಯುತ್ತಾನೆ. ಆದರೆ ಕೇಳಿಸಿಕೊಳ್ಳುವವನಿಗೆ ಅದು ಅಂದಿನ ಐದನೆಯ ಪ್ರಶ್ನೆಯಾಗಿರಬಹುದು. ತನ್ನ ಸ್ವಂತ ಊರಿನಲ್ಲಿ ತಾನು ಇರುವುದಕ್ಕೆ ಪ್ರತಿದಿನವೂ ಕಾರಣ ಕೊಡಬೇಕಾಗಿ ಬರುವುದು ಸಣ್ಣ ಭಾರವಲ್ಲ.

ಎರಡನೆಯದು ಹೊಗಳಿಕೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಬಾಲಕ ಬಾಲಕಿಯರನ್ನು ಆರಿಸಿ ಓಟ ಮುಂತಾದ ಆಟಗಳಲ್ಲಿ ತರಬೇತು ಕೊಡಲು ಆರಂಭಿಸಿತು. ಆಫ್ರಿಕ ಮೂಲದ ದೇಹಗಳು ದೇಶಕ್ಕೆ ಪದಕಗಳನ್ನು ತಂದಾವೆಂಬುದು ಅದರ ಹಿಂದಿನ ನಿರೀಕ್ಷೆ. ಮಕ್ಕಳು ಪರಿಶ್ರಮಪಟ್ಟರು, ಕೆಲವರು ಗೆದ್ದರು, ಕೆಲವರಿಗೆ ಉದ್ಯೋಗವೂ ದೊರೆಯಿತು. ಆದರೆ 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯಿತು. ಅನೇಕರು ಅರ್ಧ ದಾರಿಯಲ್ಲಿ ಹಳ್ಳಿಗೆ ಮರಳಬೇಕಾಯಿತು. ಮುಂದೆ ಬೇರೆ ಪ್ರಯತ್ನಗಳು ನಡೆದಿವೆ. ಮಕ್ಕಳಿಗೆ ಅವಕಾಶ ದೊರೆತದ್ದು ಒಳ್ಳೆಯದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಾತನ್ನು ಯೋಚಿಸಬೇಕು. ಒಂದು ಜನಾಂಗದ ಮಕ್ಕಳನ್ನು ನೋಡಿದೊಡನೆ ಅವರ ಕಾಲುಗಳು ನೆನಪಾದರೆ, ಅವರಲ್ಲಿ ಲೆಕ್ಕದಲ್ಲಿ ಜಾಣನಾದವನು, ಹಾಡಬಲ್ಲವನು, ಮೈಯಲ್ಲಿ ಕಸುವಿಲ್ಲದ ನಾಚಿಕೆಯ ಹುಡುಗ ಎಲ್ಲಿ ಹೋಗಬೇಕು? ಮಧ್ಯಯುಗದ ಆ ತೆರಿಗೆಯಂತೆ ಹೊಗಳಿಕೆಯೂ ಇಲ್ಲಿ ಮೊದಲೇ ನಿಗದಿಯಾಗಿರುತ್ತದೆ.

ಮೂರನೆಯದು ಪ್ರದರ್ಶನ. ಸಿದ್ದಿಗಳಿಗೆ ತಮ್ಮದೇ ಆದ ಡಮಾಮಿ ಎಂಬ ವಾದ್ಯವುಂಟು. ಅದರ ಬಡಿತಕ್ಕೆ ಹೊಂದಿಕೊಂಡ ಕುಣಿತವುಂಟು. ಅವರ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಗಳ ವರ್ಣವಿನ್ಯಾಸವನ್ನು ಕಲಾಪ್ರಿಯರು ದೇಶವಿದೇಶಗಳಲ್ಲಿ ಮೆಚ್ಚಿದ್ದಾರೆ. ಉತ್ಸವಗಳ ಮೆರವಣಿಗೆಗೆ ಈ ಕುಣಿತವನ್ನು ಕರೆಸುತ್ತಾರೆ. ಜನರು ಸುತ್ತ ನೆರೆದು ಚಿತ್ರ ತೆಗೆಯುತ್ತಾರೆ. ಕಲೆಗೆ ಮನ್ನಣೆ ದೊರೆಯುವುದು ಸಂತೋಷದ ವಿಷಯವೇ. ಆದರೆ ಮೆರವಣಿಗೆ ಮುಗಿದ ಮೇಲೆ ಕುಣಿದವನೊಡನೆ ಕೂತು ಒಂದು ಲೋಟ ಚಹ ಕುಡಿಯುವವರು ಎಷ್ಟು ಮಂದಿ ಎಂಬುದರಿಂದ ಆ ಮನ್ನಣೆಯ ಆಳವನ್ನು ಅಳೆಯಬೇಕು.

ಇಂತಹ ನೋಟದಡಿಯಲ್ಲಿ ಬೆಳೆಯುವ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದು ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಅಂತಹ ಮಗುವು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತದೆ. ಒಂದು, ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುವುದು: ಕೊನೆಯ ಬೆಂಚು, ತಗ್ಗಿದ ತಲೆ, ಕೈಯೆತ್ತದೆ ಉಳಿಯುವ ಅಭ್ಯಾಸ, ಒಂದು ದಿನ ಶಾಲೆಯನ್ನೇ ಬಿಡುವುದು. ಇನ್ನೊಂದು, ಜನರು ಬಯಸಿದ್ದನ್ನೇ ತೋರಿಸುವುದು: ಓಡೆಂದರೆ ಓಡುವುದು, ಕುಣಿಯೆಂದರೆ ಕುಣಿಯುವುದು, ನಕ್ಕರೆ ತಾನೂ ನಗುವುದು. ಮೊದಲನೆಯ ಮಗುವನ್ನು ನಾವು ಮಂಕೆನ್ನುತ್ತೇವೆ, ಎರಡನೆಯದನ್ನು ಚುರುಕೆನ್ನುತ್ತೇವೆ. ಎರಡೂ ಒಂದೇ ದುಃಖದ ಎರಡು ಮುಖಗಳೆಂಬುದು ನಮಗೆ ಹೊಳೆಯುವುದಿಲ್ಲ.

ಆಡಳಿತದ ಮಟ್ಟದಲ್ಲಿ ಕೆಲವು ಹೊಸ್ತಿಲುಗಳನ್ನು ದಾಟಲಾಗಿದೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಲ್ಲಿರುವ ಅವರ ಬಂಧುಗಳು ಅದೇ ಸೌಲಭ್ಯಕ್ಕಾಗಿ ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು. 2020ರ ತಿದ್ದುಪಡಿಯಿಂದ ಅವರೂ ಪಟ್ಟಿಗೆ ಸೇರಿದರು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸದನವನ್ನು ಪ್ರವೇಶಿಸಿದ ಆ ಜನಾಂಗದ ಮೊದಲನೆಯವರಾದರು. ಇವು ಸಾಮಾನ್ಯ ಸಂಗತಿಗಳಲ್ಲ. ಹಕ್ಕುಪತ್ರ, ವಿದ್ಯಾರ್ಥಿವೇತನ, ಉದ್ಯೋಗ ಇವುಗಳಿಲ್ಲದೆ ಕೇವಲ ಸೌಜನ್ಯದ ಮಾತಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಕೂತವನು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಡುವಂತೆ ಮಾಡಲಾರದು. ಆ ಕೆಲಸ ನಮ್ಮ ನಿಮ್ಮೆಲ್ಲರಿಗೆ ಉಳಿದಿದೆ.

ಹಾಗಾದರೆ ನೋಡುವುದೇ ತಪ್ಪೇ? ಹೊಸ ಮುಖವನ್ನು ಕಂಡಾಗ ಕುತೂಹಲ ಹುಟ್ಟುವುದು ಸ್ವಭಾವಧರ್ಮ. ಅದನ್ನು ನಿಂದಿಸಿ ಪ್ರಯೋಜನವಿಲ್ಲ. ಕುತೂಹಲವು ಅಲ್ಲಿಯೇ ನಿಂತುಬಿಡುವುದು ತಪ್ಪು. ನೋಟವು ಪರಿಚಯದ ಮೊದಲನೆಯ ಮೆಟ್ಟಿಲು. ಅದೇ ಕೊನೆಯ ಮೆಟ್ಟಿಲೂ ಆದಾಗ, ನೋಡಿಸಿಕೊಂಡವನು ಅಲ್ಲಿಯೇ ನಿಲ್ಲಬೇಕಾಗುತ್ತದೆ. ಪರಿಚಯವೆಂಬುದು ಸಾಮಾನ್ಯ ಸಂಗತಿಗಳಿಂದ ಆಗುವಂಥದು: ಹೆಸರು, ಮನೆಯಲ್ಲಿ ಯಾರು ಯಾರಿದ್ದಾರೆಂಬುದು, ಯಾವ ಪಾಠ ಕಷ್ಟ, ಯಾವ ತಿಂಡಿ ಇಷ್ಟ ಎಂಬುದು. ಯಾರ ವಿಷಯದಲ್ಲಿ ನಮಗೆ ಇಂತಹ ಸಾಮಾನ್ಯ ಸಂಗತಿಗಳು ತಿಳಿದಿವೆಯೋ ಅವನು ನಮ್ಮವನು. ಯಾರ ವಿಷಯದಲ್ಲಿ ವಿಶೇಷ ಸಂಗತಿಗಳು ಮಾತ್ರ ತಿಳಿದಿವೆಯೋ ಅವನು ಇನ್ನೂ ಜಗಲಿಯ ಮೇಲಿದ್ದಾನೆ.

ನಮ್ಮ ಶಾಲೆಗೂ ವಿದ್ಯಾರ್ಥಿನಿಲಯಕ್ಕೂ ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಬೇರೆ ಬೇರೆ ಸೀಮೆಗಳಿಂದ ಹೊಸ ಮಕ್ಕಳು ಬರುತ್ತಾರೆ. ಒಬ್ಬನ ಮಾತಿನ ಧಾಟಿ ಬೇರೆ, ಒಬ್ಬನ ಬಣ್ಣ ಬೇರೆ, ಒಬ್ಬನಿಗೆ ನಡೆಯುವುದರಲ್ಲಿ ತೊಂದರೆ, ಒಬ್ಬನಿಗೆ ತಂದೆತಾಯಿಗಳಿಲ್ಲ. ಮೊದಲನೆಯ ದಿನವೇ ಅವರೆಲ್ಲರೂ ಎಲ್ಲರ ಕಣ್ಣಿಗೂ ಬಿದ್ದಿರುತ್ತಾರೆ. ಒಂದು ವಾರದೊಳಗೆ ಅಡ್ಡಹೆಸರುಗಳೂ ಬಿದ್ದಿರುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪಂಕ್ತಿಯಲ್ಲಿ ಅವರ ಪಕ್ಕಕ್ಕೆ ಹೋಗಿ ಕೂರಿರಿ. ಮೊದಲು ಹೆಸರನ್ನು ಕೇಳಿರಿ. ನಿಮ್ಮ ಹೆಸರನ್ನೂ ಹೇಳಿರಿ. ಎಲ್ಲಿಂದ ಬಂದೆಯೆಂದು ಆಮೇಲೆ ಕೇಳಿದರಾಯಿತು. ಅಷ್ಟು ಹೊತ್ತಿಗೆ ಅವನೇ ತನ್ನ ಊರಿನ ಮಾತನ್ನು ತೆಗೆದಿರುತ್ತಾನೆ.

ಅಂದು ಮರದಡಿಯಲ್ಲಿ ಕೂತಿದ್ದ ಆ ಓಟಗಾರ ಈಗ ಮಧ್ಯವಯಸ್ಕನಾಗಿರಬೇಕು. ಎಲ್ಲಿದ್ದಾನೋ, ಏನು ಮಾಡುತ್ತಿದ್ದಾನೋ ವಿಚಾರಿಸಲು ನನಗೆ ದಾರಿಯಿಲ್ಲ. ಅವನ ಓಟ ಕಣ್ಣಿಗೆ ಕಟ್ಟಿದಂತಿದೆ, ಅವನ ಉತ್ತರ ನೆನಪಿದೆ. ಯಲ್ಲಾಪುರಕ್ಕೆ ಹೋಗಿ ಕೇಳೋಣವೆಂದರೆ ಹೆಸರು ಮಾತ್ರ ನನ್ನಲ್ಲಿಲ್ಲ.